ಕಾಮಗಾರಿ ವ್ಯಾಜ್ಯ ನಡೆಸುವ ವಕೀಲರಿಗೆ ವೃತ್ತಿ ಸಂಘ ಯಾಕೆ? ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಪದೇ ಪದೇ ಬರುವ ಪ್ರಶ್ನೆಗಳು

ರಸ್ತೆ, ಕಾಲುವೆ, ಕಟ್ಟಡ, ಕಾರ್ಖಾನೆ ಕಾಮಗಾರಿಗಳ ವ್ಯಾಜ್ಯ ನಡೆಸುವ ವಕೀಲರಿಗೆಂದೇ ಕೆಲವು ವೃತ್ತಿ ಸಂಘಗಳಿವೆ. ಅವುಗಳ ಬಗ್ಗೆ ಕೋರ್ಟ್ ಆವರಣದಲ್ಲಿ, ಪತ್ರಗಳಲ್ಲಿ, ಸಭೆ ಮುಗಿದ ಮೇಲಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇವೆ. ಸಂಘದ ರಸೀದಿ ಯಾರನ್ನೂ ಒಳ್ಳೆಯ ವಕೀಲರನ್ನಾಗಿ ಮಾಡುವುದಿಲ್ಲ. ಅಲ್ಲಿ ನಾಲ್ಕು ಜನರ ಜೊತೆ ಕುಳಿತು ಕರಾರು, ಎಂ.ಬಿ. (ಕಾಮಗಾರಿಯ ಅಳತೆ) ಪುಸ್ತಕ, ಸೈಟಿನ ಪತ್ರಗಳನ್ನು ಓದಲು ಕಲಿತರೆ ಮಾತ್ರ ಕಟ್ಟಿದ ವಂತಿಗೆ ಸಾರ್ಥಕ. ಕೆಳಗಿನ ಉತ್ತರಗಳನ್ನೆಲ್ಲ ಈ ನಂಬಿಕೆಯಿಂದಲೇ ಬರೆದಿದ್ದೇವೆ.

## ಸೇರುವ ಮೊದಲು

ನಾನು ಆಗಲೇ ಬಾರ್ ಅಸೋಸಿಯೇಷನ್ ಮೆಂಬರ್ ಅದೀನ್ರಿ. ಮತ್ತೊಂದು ಸಂಘ ಯಾಕ ಬೇಕು?

ಎರಡರ ಕೆಲಸ ಬೇರೆ ಬೇರೆ. ಬಾರ್ ಅಸೋಸಿಯೇಷನ್ ಒಂದು ಊರಿನ ಕೋರ್ಟಿನ ಎಲ್ಲ ವಕೀಲರದು. ಕುಳಿತುಕೊಳ್ಳುವ ಜಾಗ, ಲೈಬ್ರರಿ, ಕಷ್ಟಕಾಲದ ನೆರವು, ನ್ಯಾಯಾಧೀಶರ ಮುಂದೆ ಎಲ್ಲರ ಪರ ಮಾತು ಅದರ ಹೊಣೆ. ವಿಷಯವಾರು ಸಂಘ ಒಂದೇ ಬಗೆಯ ವ್ಯಾಜ್ಯವನ್ನು ಹಿಡಿದುಕೊಂಡು ಅದರ ಕಾನೂನು, ಲೆಕ್ಕ, ತಾಂತ್ರಿಕತೆಯ ಬೆನ್ನು ಹತ್ತುತ್ತದೆ.

ಈ ವ್ಯತ್ಯಾಸ ಎಲ್ಲಿ ಹೊಡೆತ ಕೊಡುತ್ತದೆ ನೋಡಿ. 2015ರ ಕಮರ್ಷಿಯಲ್ ಕೋರ್ಟ್ಸ್ ಆಕ್ಟ್ ಪ್ರಕಾರ ಟೆಂಡರ್ ಸೇರಿದಂತೆ ನಿರ್ಮಾಣ ಮತ್ತು ಮೂಲಸೌಕರ್ಯ ಕರಾರುಗಳ ವ್ಯಾಜ್ಯ ವಾಣಿಜ್ಯ ವ್ಯಾಜ್ಯ. 2018ರ ತಿದ್ದುಪಡಿಯ ನಂತರ ಮೌಲ್ಯ 3 ಲಕ್ಷ ಮುಟ್ಟಿದರೆ ಸಾಕು. ಅಲ್ಲಿ ಸಮನ್ಸ್ ಜಾರಿಯಾದ 120 ದಿನಕ್ಕೆ ಪ್ರತಿವಾದ ಪತ್ರ ಸಲ್ಲಿಸುವ ಹಕ್ಕು ಮುಗಿಯುತ್ತದೆ. 121ನೇ ದಿನ ಯಾವ ಕಾರಣವೂ ನಡೆಯದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಖಚಿತ ಮಾಡಿದೆ. ತುರ್ತು ತಡೆಯಾಜ್ಞೆ ಬೇಕಿಲ್ಲದ ದಾವೆಯಾದರೆ ಕಲಂ 12ಎ ಪ್ರಕಾರ ಮೊದಲು ಮೀಡಿಯೇಷನ್‌ಗೆ (ರಾಜಿ ಸಂಧಾನಕ್ಕೆ) ಹೋಗಿಯೇ ಬರಬೇಕು, ಇಲ್ಲವಾದರೆ ದಾವೆ ತಿರಸ್ಕೃತವಾಗುತ್ತದೆ. 2022ರ ಪಾಟೀಲ್ ಆಟೋಮೇಷನ್ ತೀರ್ಪು ಇದನ್ನು ಕಡ್ಡಾಯ ಎಂದಿತು. ಸಾಮಾನ್ಯ ಓ.ಎಸ್. (ಸಿವಿಲ್) ದಾವೆಯ ರೂಢಿಯಲ್ಲಿ "ಮುಂದಿನ ತಾರೀಖಿಗೆ ಹಾಕೋಣ" ಎಂದು ಕುಳಿತರೆ ಕಕ್ಷಿದಾರನ ಬಾಗಿಲು ಮುಚ್ಚಿಹೋಗುತ್ತದೆ. ಇಂಥ ಎಚ್ಚರಿಕೆ ತೀರ್ಪು ಬಂದ ತಿಂಗಳೊಳಗೆ ನಿಮಗೆ ತಲುಪಬೇಕಾದರೆ ಅದನ್ನೇ ಓದುವವರ ಗುಂಪು ಬೇಕು.

ನಮ್ಮ ಕಡೆ ಇಂಥಾ ಕೇಸ್ ಎಲ್ಲಿ ಅದಾವ? ಅದೆಲ್ಲ ಬೆಂಗಳೂರು ವಕೀಲರ ಕೆಲಸ ಅಲ್ಲೇನು?

ಕೇಸುಗಳು ಇಲ್ಲಿಯೇ ಹುಟ್ಟುತ್ತವೆ, ಬೆಳೆದ ಮೇಲೆ ಬೆಂಗಳೂರಿಗೆ ಹೋಗುತ್ತವೆ. ಬೇಸರ ಅದೇ. ತುಂಗಭದ್ರಾ ಎಡದಂಡೆ ಕಾಲುವೆಯ ದುರಸ್ತಿ, ನಾರಾಯಣಪುರ ಬಲದಂಡೆ ಭಾಗದ ವಿತರಣಾ ಕಾಲುವೆಗಳು, ಗಿಣಿಗೇರಾ–ರಾಯಚೂರು ರೈಲು ಮಾರ್ಗ, ರಾಷ್ಟ್ರೀಯ ಹೆದ್ದಾರಿ 50 ಮತ್ತು 67, ಶಕ್ತಿನಗರ, ಯರಮರಸ್, ಕುಡಿತಿನಿಯ ವಿದ್ಯುತ್ ಸ್ಥಾವರಗಳು, ತೋರಣಗಲ್ಲು ಮತ್ತು ಗಿಣಿಗೇರಾ ಸುತ್ತಲಿನ ಉಕ್ಕಿನ ಕಾರ್ಖಾನೆಗಳು, ಗಂಗಾವತಿ–ಸಿಂಧನೂರಿನ ಅಕ್ಕಿ ಗಿರಣಿ ಶೆಡ್‌ಗಳು. ಇವುಗಳಲ್ಲಿ ಮುಖ್ಯ ಗುತ್ತಿಗೆದಾರನ ಕೆಳಗೆ ಪೀಸ್‌ವರ್ಕ್ ಹಿಡಿದವರು, ಜೆಸಿಬಿ ಬಾಡಿಗೆ ಕೊಟ್ಟವರು, ಸೆಂಟ್ರಿಂಗ್ ಮೇಸ್ತ್ರಿಗಳು ನಿಮ್ಮ ಊರಿನವರೇ. ಅವರ ಬಿಲ್ಲು ನಿಂತಾಗ ಮೊದಲು ಬರುವುದು ನಿಮ್ಮ ಬಳಿಗೆ.

ಮನೆಗಳ ವಿಷಯವೂ ಸಣ್ಣದಲ್ಲ. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ತಳಪಾಯ ಸರಿಯಿಲ್ಲದ ಮನೆಯ ಗೋಡೆಯಲ್ಲಿ ಓರೆ ಬಿರುಕು ಬೀಳುತ್ತದೆ. ಜಾಗ 500 ಚದರ ಮೀಟರ್ ಮೀರಿದ, ಮನೆಗಳೂ 8ಕ್ಕಿಂತ ಹೆಚ್ಚಿರುವ ಯೋಜನೆಯಾದರೆ ಅದು ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ವ್ಯಾಪ್ತಿಗೆ ಬರುತ್ತದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಂಡ ರಚನಾ ದೋಷವನ್ನು ಬಿಲ್ಡರ್ ಸ್ವಂತ ಖರ್ಚಿನಲ್ಲಿ 30 ದಿನದಲ್ಲಿ ಸರಿಪಡಿಸಬೇಕು. ಬಿರುಕು ತಳಪಾಯದಿಂದ ಬಂತೋ, ಬರೀ ಪ್ಲಾಸ್ಟರಿನದೋ ಎಂದು ಹೇಳಲು ಬಾರದ ವಕೀಲ ಆ ದೂರನ್ನು ಗಟ್ಟಿಯಾಗಿ ಬರೆಯಲಾರ.

ಯಾವ ಸಂಘ? ವಕೀಲರಷ್ಟೇ ಇರೋದಾ, ಎಂಜಿನಿಯರ್‌ಗಳೂ ಇರೋದಾ?

ಮೊದಲ ಸಲ ಸೇರುವವರಿಗೆ ನಮ್ಮ ಸಲಹೆ: ಎಂಜಿನಿಯರ್‌ಗಳೂ ಇರುವುದು. ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಹೆಸರಿನ ಸಂಘಗಳು ಹಲವು ದೇಶಗಳಲ್ಲಿವೆ, ಭಾರತದಲ್ಲೂ ಇದೆ. ಬ್ರಿಟನ್ನಿನ ಮೂಲ ಸಂಘ 1983ರದು. ವಕೀಲರು, ಎಂಜಿನಿಯರ್‌ಗಳು, ಕ್ವಾಂಟಿಟಿ ಸರ್ವೇಯರ್‌ಗಳು, ಆರ್ಬಿಟ್ರೇಟರ್‌ಗಳು (ಕೋರ್ಟಿನ ಹೊರಗೆ ವಿವಾದ ತೀರ್ಮಾನಿಸುವ ಮಧ್ಯಸ್ಥರು) ಒಂದೇ ಮೇಜಿನಲ್ಲಿ ಕೂರುವುದು ಅದರ ರೂಢಿ. ಇಂಡಿಯನ್ ಕೌನ್ಸಿಲ್ ಆಫ್ ಆರ್ಬಿಟ್ರೇಷನ್, ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್ ಮೊದಲಾದವು ಆರ್ಬಿಟ್ರೇಷನ್ ಪದ್ಧತಿಯನ್ನು ಕಲಿಸುತ್ತವೆ, ಕಾಮಗಾರಿಯನ್ನಲ್ಲ. ಮುಂದೆ ಆರ್ಬಿಟ್ರೇಟರ್ ಆಗುವ ಆಸೆಯಿದ್ದವರಿಗೆ ಅವು ಸರಿ.

ಸೇರುವ ಮುನ್ನ ಹಿಂದಿನ ಒಂದು ವರ್ಷದ ಕಾರ್ಯಕ್ರಮ ಪಟ್ಟಿ ತರಿಸಿ ನೋಡಿ. ಬರೀ ಸನ್ಮಾನ, ಉದ್ಘಾಟನೆ, ಔತಣಕೂಟ ಇದ್ದರೆ ಬಿಡಿ. ಒಂದು ತೀರ್ಪನ್ನೋ ಒಂದು ಷರತ್ತನ್ನೋ ಹಿಡಿದು ಒಂದೆರಡು ಗಂಟೆ ಚರ್ಚಿಸಿದ ಸಭೆಗಳಿದ್ದರೆ, ಅವು ಆನ್‌ಲೈನಿನಲ್ಲೂ ಸಿಗುವಂತಿದ್ದರೆ, ಸೇರಿ. ರಾಯಚೂರಿನಿಂದ ದೆಹಲಿಯ ಸಭಾಂಗಣಕ್ಕೆ ಪ್ರತಿ ಸಲ ಹೋಗುವುದು ಯಾರಿಂದಲೂ ಆಗದು.

ಆಫೀಸಿನ ಬೋರ್ಡಿನ ಮ್ಯಾಲೆ, ಲೆಟರ್‌ಹೆಡ್ ಮ್ಯಾಲೆ ಮೆಂಬರ್ ಅಂತ ಹಾಕಿಸ್ಬೋದಾ?

ಆಗದು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ 36 ಸ್ಪಷ್ಟವಾಗಿದೆ: ಬೋರ್ಡು, ನೇಮ್‌ಪ್ಲೇಟು, ಲೆಟರ್‌ಹೆಡ್ ಮೇಲೆ ಯಾವುದೇ ಸಂಘದ ಅಧ್ಯಕ್ಷ ಅಥವಾ ಸದಸ್ಯ ಎಂದಾಗಲಿ, ಇಂಥ ಬಗೆಯ ಕೆಲಸದಲ್ಲಿ ಪರಿಣತ ಎಂದಾಗಲಿ ಹಾಕುವಂತಿಲ್ಲ. 2008ರಲ್ಲಿ ವೆಬ್‌ಸೈಟಿಗೆ ಮಾತ್ರ ಸ್ವಲ್ಪ ಸಡಿಲಿಕೆ ಬಂತು. ಹೆಸರು, ವಿಳಾಸ, ಎನ್‌ರೋಲ್‌ಮೆಂಟ್ ಸಂಖ್ಯೆ, ಬಾರ್ ಅಸೋಸಿಯೇಷನ್ ಸದಸ್ಯತ್ವ, ವಿದ್ಯಾರ್ಹತೆ, ವಕೀಲಿ ಮಾಡುವ ಕ್ಷೇತ್ರ ಇಷ್ಟನ್ನು ಅಲ್ಲಿ ಹಾಕಬಹುದು. ಸಂಘದ ಲಾಂಛನವನ್ನು ವಿಸಿಟಿಂಗ್ ಕಾರ್ಡಿಗೆ ಅಂಟಿಸುವ ರೂಢಿ ಕಂಡಿದ್ದೇವೆ. ಎದುರು ಪಕ್ಷದವರು ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟರೆ ಉತ್ತರ ಹೇಳುವುದು ಕಷ್ಟ.

ಸೇರಿದ್ರ ಕೇಸ್ ಬರ್ತಾವೇನ್ರಿ?

ನೇರವಾಗಿ ಬರುವುದಿಲ್ಲ, ಅದನ್ನೇ ನಂಬಿ ಸೇರಬೇಡಿ. ನಿಜವಾಗಿ ನಡೆಯುವುದು ಬೇರೆ. ಹೊರ ಊರಿನ ವಕೀಲರಿಗೆ ಸ್ಥಳೀಯ ಕೈ ಬೇಕಾಗುತ್ತದೆ: ಆರ್ಬಿಟ್ರೇಷನ್ ಕಾಯ್ದೆ ಕಲಂ 9ರ ತುರ್ತು ಅರ್ಜಿ, ಬ್ಯಾಂಕ್ ಗ್ಯಾರಂಟಿ ನಗದಾಗದಂತೆ ತಡೆ, ಸೈಟಿನಲ್ಲಿ ಉಳಿದ ಯಂತ್ರಗಳ ಪಟ್ಟಿಗೆ ಕೋರ್ಟ್ ಕಮಿಷನರ್ ನೇಮಕ. ಆಗ ಅವರು ನೆನಪಿಸಿಕೊಳ್ಳುವುದು ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ ವಕೀಲರನ್ನು.

ವಂತಿಗೆಗೆ ತೆರಿಗೆ ವಿನಾಯಿತಿ ಸಿಗ್ತದಾ?

ಲೆಕ್ಕಪುಸ್ತಕ ಇಟ್ಟು ಖರ್ಚು ತೋರಿಸುವ ವಕೀಲರು ಅದನ್ನು ವೃತ್ತಿಯ ಖರ್ಚಾಗಿ ತೋರಿಸಬಹುದು. ಅಂದಾಜು ಪದ್ಧತಿಯಲ್ಲಿ ಫೀ ಆದಾಯದ ಅರ್ಧವನ್ನು ಲಾಭವೆಂದು ಘೋಷಿಸುವವರಿಗೆ ಬೇರೆ ಕಡಿತವಿಲ್ಲ. ಎಲ್ಲ ಖರ್ಚೂ ಉಳಿದ ಅರ್ಧದಲ್ಲೇ ಬಂತು. ರಸೀದಿ ಮಾತ್ರ ಇಟ್ಟುಕೊಳ್ಳಿ.

## ಸದಸ್ಯರಾದ ಮೇಲೆ ದಿನದ ಕೆಲಸದಲ್ಲಿ

ಅಲ್ಲಿ ನಿಜವಾಗ್ಲೂ ಏನು ಕಲಿಸ್ತಾರ? ಕಾನೂನು ಪುಸ್ತಕ ನಾವೂ ಓದೇವಿ.

ಪುಸ್ತಕದಲ್ಲಿ ಇಲ್ಲದ್ದು ವಿಳಂಬದ ಲೆಕ್ಕ. ನಮ್ಮ ಭಾಗದ ಕಾಲುವೆ ಕಾಮಗಾರಿಯನ್ನೇ ತೆಗೆದುಕೊಳ್ಳಿ. ಕಾಲುವೆಯಲ್ಲಿ ನೀರು ಹರಿಯುವಾಗ ಲೈನಿಂಗ್ (ಒಳಮೈಯ ಕಾಂಕ್ರೀಟ್ ಹೊದಿಕೆ) ಹಾಕಲಾಗದು. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ, ಮುಂಗಾರಿನಲ್ಲಿ ಮತ್ತೆ ಬಿಡುವವರೆಗೆ ಸಿಗುವ ಕೆಲವೇ ವಾರಗಳಲ್ಲಿ ಕೆಲಸ ಮುಗಿಯಬೇಕು. ಇಲಾಖೆ ಏಪ್ರಿಲ್ 10ಕ್ಕೆ ಕೊಡಬೇಕಿದ್ದ ಸೈಟನ್ನು ಮೇ 20ಕ್ಕೆ ಕೊಟ್ಟಿತು ಎನ್ನಿ. ಹೆಚ್ಚಿನ ವಕೀಲರು ಕ್ಲೇಮ್ ಅರ್ಜಿಯಲ್ಲಿ "40 ದಿನ ವಿಳಂಬ" ಎಂದು ಬರೆಯುತ್ತಾರೆ. ಇಲಾಖೆ ಸಂತೋಷದಿಂದ 40 ದಿನ ಕಾಲಾವಧಿ ವಿಸ್ತರಣೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆ 40 ದಿನ ಕಳೆದುಹೋದದ್ದರಿಂದ ಉಳಿದ ಕೆಲಸ ಮುಂದಿನ ಬೇಸಿಗೆಗೆ ಹೋಯಿತು ಎಂಬುದು ನಿಜವಾದ ನಷ್ಟ. ಯಂತ್ರ, ಕ್ಯಾಂಪು, ಬ್ಯಾಂಕ್ ಗ್ಯಾರಂಟಿ ಕಮಿಷನ್, ಸಿಮೆಂಟು–ಕಬ್ಬಿಣದ ದರ ಏರಿಕೆ ಎಲ್ಲವೂ ಒಂದು ವರ್ಷ ಎಳೆಯುತ್ತವೆ.

ಇದನ್ನು ಸಾಬೀತು ಮಾಡಲು ಮೂರು ಕಾಗದ ಬೇಕೇ ಬೇಕು. ಟೆಂಡರ್ ಜೊತೆ ಒಪ್ಪಿದ ಕಾಮಗಾರಿ ವೇಳಾಪಟ್ಟಿ, ಸೈಟ್ ಹಸ್ತಾಂತರದ ಸಹಿಯುಳ್ಳ ಪತ್ರ, ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ನೀರು ಬಿಟ್ಟ ಮತ್ತು ನಿಲ್ಲಿಸಿದ ದಿನದ ಅಧಿಕೃತ ದಾಖಲೆ. ಮೂರನೆಯದನ್ನು ಮರೆಯುವವರೇ ಹೆಚ್ಚು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಅದೇ ದಿನಗಳಲ್ಲಿ ಗುತ್ತಿಗೆದಾರನ ಮಿಕ್ಸರ್ ಕೆಟ್ಟು ನಿಂತಿತ್ತೇ, ಕೂಲಿಯವರು ಊರಿಗೆ ಹೋಗಿದ್ದರೇ ಎಂದೂ ಮೊದಲೇ ನೋಡಿಕೊಳ್ಳಬೇಕು. ಎರಡೂ ಕಡೆಯ ವಿಳಂಬ ಒಟ್ಟಿಗೇ ಬಿದ್ದರೆ ಲೆಕ್ಕವೇ ಬದಲಾಗುತ್ತದೆ. ಬ್ರಿಟನ್ನಿನ ಸೊಸೈಟಿಯ ವಿಳಂಬ ಮತ್ತು ಅಡಚಣೆ ಪ್ರೋಟೋಕಾಲ್ (ಮೊದಲ ಆವೃತ್ತಿ 2002, ಎರಡನೆಯದು 2017) ಇದನ್ನೇ ಹಂತಹಂತವಾಗಿ ಬಿಡಿಸುತ್ತದೆ. ಉಚಿತವಾಗಿ ಸಿಗುತ್ತದೆ, ನಮ್ಮ ಕೋರ್ಟುಗಳಿಗೆ ಅದು ಕಡ್ಡಾಯವಲ್ಲ. ಒಬ್ಬರೇ ಓದಿದರೆ ತಲೆಗೆ ಹೋಗುವುದು ಕಷ್ಟ, ಗುಂಪಿನಲ್ಲಿ ಒಂದು ನಿಜವಾದ ವೇಳಾಪಟ್ಟಿ ಇಟ್ಟುಕೊಂಡು ಓದಿದರೆ ಹೋಗುತ್ತದೆ.

ಕಾಂಟ್ರಾಕ್ಟ್ ಆಕ್ಟ್ ಕಲಂ 55 ಇಲ್ಲಿಯೇ ಕಚ್ಚುವುದು. ಎದುರಿನವರ ತಪ್ಪಿನಿಂದ ತಡವಾದ ಕರಾರನ್ನು ತಡವಾಗಿಯೇ ಒಪ್ಪಿ ಮುಂದುವರಿಸುವಾಗ, ಪರಿಹಾರ ಕೇಳುತ್ತೇನೆ ಎಂದು ಆಗಲೇ ನೋಟಿಸ್ ಕೊಡದಿದ್ದರೆ ಆಮೇಲೆ ಕೇಳುವ ಹಕ್ಕು ಇರುವುದಿಲ್ಲ. ಹಾಗಾಗಿ ಕಾಲಾವಧಿ ವಿಸ್ತರಣೆಯ ಪ್ರತಿ ಅರ್ಜಿಯಲ್ಲೂ ಈ ಸಾಲು ಇರಲಿ: "ಕಾಲಾವಧಿ ವಿಸ್ತರಣೆಯನ್ನು ಕಾಮಗಾರಿ ಮುಗಿಸುವ ಉದ್ದೇಶಕ್ಕಷ್ಟೇ ಕೇಳಿದ್ದೇವೆ; ವಿಳಂಬದಿಂದಾದ ನಷ್ಟವನ್ನು ವಸೂಲು ಮಾಡುವ ನಮ್ಮ ಹಕ್ಕನ್ನು ಕಾಯ್ದಿರಿಸಿದ್ದೇವೆ." ಈ ಸಾಲಿಲ್ಲದೆ, "ಯಾವುದೇ ಹೆಚ್ಚುವರಿ ಮೊತ್ತ ಕೇಳುವುದಿಲ್ಲ" ಎಂಬ ಅಚ್ಚು ಫಾರ್ಮಿಗೆ ಗುತ್ತಿಗೆದಾರ ಸಹಿ ಹಾಕಿ ಬಂದ ಮೇಲೆ ವಕೀಲರ ಬಳಿ ಬಂದರೆ ಕೆಲಸ ಅರ್ಧ ಕೆಟ್ಟಿರುತ್ತದೆ.

ಹಡ್ಸನ್ ಫಾರ್ಮುಲಾ ಅಂತಾರಲ್ಲ, ಅದನ್ನ ಹಾಕಿದ್ರ ದುಡ್ಡು ಬಂದೇ ಬರ್ತದಾ?

ವಿಳಂಬದ ನಷ್ಟ ಲೆಕ್ಕ ಹಾಕುವ ಈ ಸೂತ್ರ ಸರಳ: ಕಚೇರಿ ಖರ್ಚು ಮತ್ತು ಲಾಭದ ಶೇಕಡಾವಾರನ್ನು, ಕರಾರಿನ ಮೊತ್ತವನ್ನು ಅವಧಿಯಿಂದ ಭಾಗಿಸಿದ ಸಂಖ್ಯೆಯಿಂದಲೂ ವಿಳಂಬದ ಅವಧಿಯಿಂದಲೂ ಗುಣಿಸಬೇಕು. 6 ಕೋಟಿ ಕಾಮಗಾರಿ, 12 ತಿಂಗಳು, ಶೇ. 10 ಎಂದರೆ ತಿಂಗಳಿಗೆ 5 ಲಕ್ಷ. 9 ತಿಂಗಳು ವಿಳಂಬಕ್ಕೆ 45 ಲಕ್ಷ. 2006ರ ಮ್ಯಾಕ್‌ಡರ್ಮಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಡ್ಸನ್, ಎಮ್ಡೆನ್, ಐಕ್ಲೆ ಸೂತ್ರಗಳನ್ನು ಬಳಸಬಹುದೆಂದು ಒಪ್ಪಿದೆ.

ತೊಡಕು ಪುರಾವೆಯದು. ಸೂತ್ರದ ಒಳಗೆ ಒಂದು ಊಹೆ ಕುಳಿತಿದೆ: ಈ ಕೆಲಸದಲ್ಲಿ ಸಿಕ್ಕಿಬೀಳದಿದ್ದರೆ ಗುತ್ತಿಗೆದಾರ ಆ ಜನ, ಯಂತ್ರ, ಬಂಡವಾಳದಿಂದ ಬೇರೆ ಕೆಲಸ ಹಿಡಿದು ಲಾಭ ಮಾಡುತ್ತಿದ್ದ ಎಂಬುದು. ಅದನ್ನು ತೋರಿಸದೆ ಬರೀ ಸೂತ್ರ ಹಾಕಿದರೆ ಕೈತಪ್ಪಿದ ಲಾಭದ ಕ್ಲೇಮ್ ಬಿದ್ದುಹೋಗುತ್ತದೆ. 2023ರ ಯುನಿಬ್ರೋಸ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ಆ ಅವಧಿಯಲ್ಲಿ ಅರ್ಹತೆಯಿದ್ದೂ ಬಿಟ್ಟುಕೊಟ್ಟ ಟೆಂಡರ್‌ಗಳು, ಹಿಂದಿನ ಮೂರ್ನಾಲ್ಕು ವರ್ಷದ ಆಡಿಟ್ ಆದ ಲೆಕ್ಕ, ವಹಿವಾಟು ಇಳಿದದ್ದನ್ನು ತೋರಿಸುವ ಜಿಎಸ್‌ಟಿ ರಿಟರ್ನ್‌ಗಳನ್ನು ಜೋಡಿಸಿ.

ಸಂಘದವರು ಕೊಡೋ ಮಾದರಿ ಕರಾರು, ನೋಟಿಸ್ ನಮ್ಮ ಪಿಡಬ್ಲ್ಯುಡಿ ಕೆಲಸಕ್ಕ ಒಗ್ತಾವಾ?

ನೋಡದೆ ನಕಲು ಮಾಡಿದರೆ ಒಗ್ಗುವುದಿಲ್ಲ. ಅಂತರರಾಷ್ಟ್ರೀಯ ಸಂಘಗಳ ಸಾಮಗ್ರಿಯಲ್ಲಿ ಬಹುಪಾಲು ಫಿಡಿಕ್ (ಎಂಜಿನಿಯರ್ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿ ಕರಾರಿನ ಮೇಲಿದೆ. ಫಿಡಿಕ್‌ನ 1999ರ ಕೆಂಪು ಪುಸ್ತಕದ 20.1ರಂತೆ ಕಾರಣ ತಿಳಿದ 28 ದಿನದೊಳಗೆ ಕ್ಲೇಮ್ ನೋಟಿಸ್ ಕೊಡದಿದ್ದರೆ ಹಕ್ಕು ಹೋಯಿತು. ನಮ್ಮಲ್ಲಿ ಇಂಥ ಷರತ್ತು ಕಾಂಟ್ರಾಕ್ಟ್ ಆಕ್ಟ್ ಕಲಂ 28ಕ್ಕೆ ವಿರುದ್ಧ ಎಂಬ ವಾದಕ್ಕೆ ಜಾಗವಿದೆ. ಆದರೂ ವಾದವನ್ನು ನಂಬಿ ದಿನ ಕಳೆಯಬಾರದು, ನೋಟಿಸ್ ಕೊಟ್ಟುಬಿಡಬೇಕು.

ರಾಜ್ಯದ ಕೆಡಬ್ಲ್ಯು–4 ಮಾದರಿಯ ಟೆಂಡರ್ ಕರಾರುಗಳು, ನಿಗಮಗಳ ಕರಾರುಗಳು, ಹಳೇ ಪಿಡಬ್ಲ್ಯುಡಿ ಫಾರ್ಮುಗಳು ಬೇರೆಯೇ ಭಾಷೆಯವು. ವಿವಾದದ ಷರತ್ತನ್ನು ಅಕ್ಷರ ಅಕ್ಷರ ಓದಬೇಕು. ನಮ್ಮ ಭಾಗದ್ದೇ ಉದಾಹರಣೆ ಮಲ್ಲಿಕಾರ್ಜುನ ವಿರುದ್ಧ ಗುಲ್ಬರ್ಗ ವಿಶ್ವವಿದ್ಯಾಲಯ, 2004ರ ಎಸ್‌ಸಿಸಿ ತೀರ್ಪು ಸಂಪುಟದಲ್ಲಿ ವರದಿಯಾದ ಪ್ರಕರಣ. ಷರತ್ತಿನಲ್ಲಿ ಆರ್ಬಿಟ್ರೇಷನ್ ಎಂಬ ಪದವೇ ಇರಲಿಲ್ಲ, ಸೂಪರಿಂಟೆಂಡಿಂಗ್ ಎಂಜಿನಿಯರ್ ತೀರ್ಮಾನವೇ ಅಂತಿಮ ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಆರ್ಬಿಟ್ರೇಷನ್ ಕರಾರು ಎಂದೇ ಎಣಿಸಿತು. ಹಾಗೆಂದು ಎಸ್.ಇ. ಹೆಸರು ಬಂದ ಪ್ರತಿ ಷರತ್ತೂ ಆರ್ಬಿಟ್ರೇಷನ್ ಅಲ್ಲ. ಬರೀ ಗುಣಮಟ್ಟ, ಅಳತೆಯ ಮೇಲ್ವಿಚಾರಣೆಗೆ ಕೊಟ್ಟ ಅಧಿಕಾರವಾದರೆ ಬೇರೆ ಫಲ.

ಇನ್ನೊಂದು ಹೆಜ್ಜೆ ಮುಂದೆ: ಆರ್ಬಿಟ್ರೇಷನ್ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ನಂತರ ಅದರ ಕಲಂ 12(5) ಮತ್ತು ಏಳನೇ ಅನುಸೂಚಿಯ ಪ್ರಕಾರ ಕಕ್ಷಿದಾರ ಇಲಾಖೆಯ ನೌಕರ ಆರ್ಬಿಟ್ರೇಟರ್ ಆಗಲಾರ. ವಿವಾದ ಎದ್ದ ಮೇಲೆ ಇಬ್ಬರೂ ಲಿಖಿತವಾಗಿ ಒಪ್ಪಿದರೆ ಮಾತ್ರ ಆಗಬಹುದು. ಅಲ್ಲಿಗೆ ಹಳೇ ಕರಾರಿನಲ್ಲಿ ಆರ್ಬಿಟ್ರೇಷನ್ ಉಳಿಯುತ್ತದೆ, ಎಸ್.ಇ. ಉಳಿಯುವುದಿಲ್ಲ. ಆರ್ಬಿಟ್ರೇಷನ್ ಕೋರುವ ಕಲಂ 21ರ ನೋಟಿಸ್ ಕೊಟ್ಟು, ಎದುರಿನವರು ಒಪ್ಪದಿದ್ದರೆ ಆರ್ಬಿಟ್ರೇಟರ್ ನೇಮಕಕ್ಕೆ ಕಲಂ 11ರಲ್ಲಿ ಹೈಕೋರ್ಟಿಗೆ ಹೋಗಬೇಕು.

ಸಂಘದಾಗಿನ ಎಂಜಿನಿಯರ್ ಜೊತಿ ಸೇರಿ ಕೇಸ್ ನಡೆಸಿ ಫೀ ಹಂಚ್ಕೋಬಹುದಾ? ಗೆದ್ದ ಮೊತ್ತದಾಗ ಪರ್ಸೆಂಟೇಜ್ ಮಾತಾಡ್ಬೋದಾ?

ಎರಡೂ ಆಗದು. ವಕೀಲರಲ್ಲದವರ ಜೊತೆ ಸಂಭಾವನೆ ಹಂಚಿಕೊಳ್ಳುವ ಯಾವ ಒಪ್ಪಂದವನ್ನೂ ಬಾರ್ ಕೌನ್ಸಿಲ್ ನಿಯಮಗಳು ಬಿಡುವುದಿಲ್ಲ. ನಿಯಮ 20 ಫಲಿತಾಂಶದ ಮೇಲೆ ಫೀ ನಿಗದಿ ಮಾಡುವುದನ್ನೂ ನಿಷೇಧಿಸುತ್ತದೆ. ಸರಿಯಾದ ದಾರಿ: ಎಂಜಿನಿಯರನ್ನು ಕಕ್ಷಿದಾರರೇ ತಜ್ಞರಾಗಿ ನೇಮಿಸಿ, ಪ್ರತ್ಯೇಕ ಪತ್ರ ಬರೆದು, ಅವರ ಫೀ ಅವರಿಗೇ ಕೊಡಬೇಕು. ಪರ್ಸೆಂಟೇಜ್ ಮೇಲೆ ಬಂದ ತಜ್ಞರ ವರದಿಯನ್ನು ಪಾಟೀ ಸವಾಲಿನಲ್ಲಿ ಉಳಿಸುವುದು ಅಸಾಧ್ಯ.

ಎಂಜಿನಿಯರ್‌ಗಳಿಂದ ಪಡೆಯಬೇಕಾದ್ದು ಓದುವ ಕಣ್ಣು. 28 ಘನ ಮೀಟರ್ ಕಾಂಕ್ರೀಟಿನ ಸ್ಲ್ಯಾಬ್ ಗುಣಮಟ್ಟ ಸರಿಯಿಲ್ಲ ಎಂದು ಬಿಲ್ ತಡೆದಿದ್ದಾರೆ ಎನ್ನಿ. ಕಾಂಕ್ರೀಟ್ ಕಾಮಗಾರಿಯ ಮಾನದಂಡ ಐಎಸ್ 456ರ ಪ್ರಕಾರ 16ರಿಂದ 30 ಘನ ಮೀಟರಿಗೆ ಕನಿಷ್ಠ 3 ಸ್ಯಾಂಪಲ್, ಒಂದೊಂದಕ್ಕೆ 3 ಕ್ಯೂಬ್ (ಪರೀಕ್ಷೆಗೆ ಎರಕ ಹೊಯ್ದ ಕಾಂಕ್ರೀಟ್ ತುಂಡು), ಅಂದರೆ 28ನೇ ದಿನದ ಪರೀಕ್ಷೆಗೆ 9 ಕ್ಯೂಬ್ ಇರಬೇಕು. ಕಡತದಲ್ಲಿ ಒಂದೇ ಸ್ಯಾಂಪಲಿನ ವರದಿಯಿದ್ದರೆ, ಅಥವಾ ಕ್ಯೂಬ್ ಹಾಕಿದ ದಿನಾಂಕಕ್ಕೂ ಎಂ.ಬಿ.ಯಲ್ಲಿ ಸ್ಲ್ಯಾಬ್ ಹಾಕಿದ ದಿನಾಂಕಕ್ಕೂ ತಾಳೆಯಾಗದಿದ್ದರೆ, ಪಾಟೀ ಸವಾಲಿನ ಮೊದಲ ಪ್ರಶ್ನೆ ಅಲ್ಲಿಯೇ ಸಿಕ್ಕಿತು.

ವಾಟ್ಸಾಪ್ ಗ್ರೂಪಿನಾಗ ನನ್ನ ಕೇಸಿನ ಕಾಗದ ಹಾಕಿ ಸಲಹೆ ಕೇಳ್ಬೋದಾ?

ಕಾಗದ ಹಾಕಬೇಡಿ, ಪ್ರಶ್ನೆ ಕೇಳಿ. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರಲ್ಲಿದೆ, ಆರ್ಬಿಟ್ರೇಷನ್ ನಡಾವಳಿಯ ಗೋಪ್ಯತೆ ಆರ್ಬಿಟ್ರೇಷನ್ ಕಾಯ್ದೆಯ ಕಲಂ 42ಎಯಲ್ಲಿದೆ. ಮೂರು ಜಿಲ್ಲೆಯ ಕಾಮಗಾರಿ ಲೋಕ ಚಿಕ್ಕದು. ಹೆಸರು ಅಳಿಸಿದರೂ "ಸಿಂಧನೂರು ತಾಲ್ಲೂಕಿನ ಇಂಥ ಸೇತುವೆ" ಎಂದರೆ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಎದುರು ಪಕ್ಷದ ವಕೀಲರೂ ಅದೇ ಗುಂಪಿನಲ್ಲಿರುತ್ತಾರೆ. ಷರತ್ತಿನ ಮಾತನ್ನಷ್ಟೇ ಇಟ್ಟು, ಊರು, ಮೊತ್ತ, ವರ್ಷ ಬದಲಿಸಿ ಕೇಳಿ.

## ಮುಂದಿನ ಹಂತ

ಆರ್ಬಿಟ್ರೇಟರ್ ಸಾಹೇಬ್ರೂ ನಮ್ಮ ಸಂಘದವ್ರೇ. ಎದುರು ಪಾರ್ಟಿ ತಕರಾರು ಮಾಡಿದ್ರ?

ಒಂದೇ ವೃತ್ತಿ ಸಂಘದ ಸದಸ್ಯತ್ವ ಒಂದೇ ಕಾರಣಕ್ಕೆ ಆರ್ಬಿಟ್ರೇಟರ್ ಅನರ್ಹರಾಗುವುದಿಲ್ಲ. ನಮ್ಮ ಆರ್ಬಿಟ್ರೇಷನ್ ಕಾಯ್ದೆಯ ಐದನೇ ಅನುಸೂಚಿಯ ಪಟ್ಟಿಯಲ್ಲಿ ಅದಿಲ್ಲ, ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲಿ ಅದು ಹಸಿರು (ತಕರಾರಿಗೆ ಎಡೆಯಿಲ್ಲದ) ಪಟ್ಟಿಗೆ ಸೇರಿದೆ. ಅನುಸೂಚಿಯಲ್ಲಿ ಇರುವುದು ಗಟ್ಟಿ ಸಂಬಂಧಗಳು: ಒಂದೇ ಕಕ್ಷಿದಾರರಿಂದ ಹಿಂದಿನ ಮೂರು ವರ್ಷದಲ್ಲಿ ಎರಡು ಅಥವಾ ಹೆಚ್ಚು ಸಲ ನೇಮಕ, ಒಂದೇ ಲಾ ಫರ್ಮ್, ಹಣದ ವ್ಯವಹಾರ ಇತ್ಯಾದಿ.

ಆದರೂ ಸಂಘದಲ್ಲಿ ಇಬ್ಬರೂ ಒಂದೇ ಸಮಿತಿಯಲ್ಲಿದ್ದರೆ, ಒಟ್ಟಿಗೆ ಲೇಖನ ಬರೆದಿದ್ದರೆ, ಮೊದಲ ಸಿಟ್ಟಿಂಗಿನಲ್ಲೇ ಲಿಖಿತವಾಗಿ ತಿಳಿಸಿಬಿಡಿ. ಅವಾರ್ಡ್ (ಆರ್ಬಿಟ್ರೇಟರ್ ತೀರ್ಪು) ಬಂದ ಮೇಲೆ ಅದನ್ನು ಪ್ರಶ್ನಿಸುವ ಕಲಂ 34ರಲ್ಲಿ ಹೊರಬಿದ್ದರೆ, ಸಣ್ಣ ವಿಷಯವೂ ಮುಚ್ಚಿಟ್ಟಂತೆ ಕಾಣುತ್ತದೆ.

ನಮ್ಮ ಕ್ಲೇಮ್ 80 ಲಕ್ಷ ಅಷ್ಟ. ಆರ್ಬಿಟ್ರೇಷನ್ ಖರ್ಚಿಗೇ ಹೋಗ್ಬಿಡ್ತದಲ್ಲ?

ಲೆಕ್ಕ ಹಾಕಿ ನೋಡಿ. ಆರ್ಬಿಟ್ರೇಷನ್ ಕಾಯ್ದೆಯ ನಾಲ್ಕನೇ ಅನುಸೂಚಿಯ ಫೀ ಮಾದರಿಯಂತೆ 20 ಲಕ್ಷದಿಂದ 1 ಕೋಟಿವರೆಗಿನ ವಿವಾದಕ್ಕೆ 97,500 ರೂಪಾಯಿ ಮತ್ತು 20 ಲಕ್ಷ ಮೀರಿದ ಮೊತ್ತದ ಶೇ. 3. ಅಂದರೆ 97,500 + 1,80,000 = 2,77,500. ಒಬ್ಬರೇ ಆರ್ಬಿಟ್ರೇಟರ್ ಆದರೆ ಇನ್ನೂ ಶೇ. 25 ಸೇರಿ 3,46,875. ಸಾಮಾನ್ಯವಾಗಿ ಇಬ್ಬರೂ ಅರ್ಧ ಅರ್ಧ ಭರಿಸುತ್ತಾರೆ. ಎದುರಿನವರು ಪ್ರತಿ ಕ್ಲೇಮ್ ಹಾಕಿದರೆ ಅದಕ್ಕೆ ಬೇರೆ ಫೀ. ಆರ್ಬಿಟ್ರೇಟರ್‌ಗಳು ತಾವೇ ಏಕಪಕ್ಷೀಯವಾಗಿ ಫೀ ನಿಗದಿ ಮಾಡುವಂತಿಲ್ಲ ಎಂದೂ 2022ರ ಓಎನ್‌ಜಿಸಿ–ಆಫ್ಕಾನ್ಸ್ ತೀರ್ಪಿನಲ್ಲಿದೆ. ಬೆಂಗಳೂರಿನಲ್ಲಿ ಹೈಕೋರ್ಟ್ ಆಶ್ರಯದ ಆರ್ಬಿಟ್ರೇಷನ್ ಕೇಂದ್ರಕ್ಕೆ ಹೋದರೆ ಅವರದೇ ಫೀ ಪಟ್ಟಿ ಇದೆ, ಮೊದಲೇ ನೋಡಿಕೊಳ್ಳಿ.

ಖರ್ಚಿಗಿಂತ ದೊಡ್ಡ ಹೊಡೆತ ಆರ್ಬಿಟ್ರೇಷನ್ನಿನ ಕಾನೂನು ನೆಲೆಯಾದ ಸೀಟ್‌ನದು. ಕರಾರಿನಲ್ಲಿ ಸೀಟ್ ಬೆಂಗಳೂರು ಎಂದಿದ್ದರೆ ಕಾಮಗಾರಿ ದೇವದುರ್ಗದಲ್ಲಿ ನಡೆದಿದ್ದರೂ ಅವಾರ್ಡ್ ಪ್ರಶ್ನಿಸುವುದು ಬೆಂಗಳೂರಿನ ಕೋರ್ಟಿನಲ್ಲಿ. ಕರಾರು ಬರೆಯುವಾಗಲೇ ಇದನ್ನು ಹಿಡಿಯಬೇಕು. ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಇನ್ನೊಂದು ಬದಲಾವಣೆ ಬಂದಿದೆ: 2024ರ ಜೂನ್ 3ರ ಹಣಕಾಸು ಸಚಿವಾಲಯದ ಸುತ್ತೋಲೆ, ಆರ್ಬಿಟ್ರೇಷನ್ ಷರತ್ತನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ವಿವಾದಗಳಿಗೆ ಮಿತಿಗೊಳಿಸಲು ಹೇಳಿದೆ. ಹೊಸ ಟೆಂಡರ್‌ಗಳಲ್ಲಿ ದೊಡ್ಡ ವಿವಾದಗಳು ಮೀಡಿಯೇಷನ್‌ಗೂ ಕಮರ್ಷಿಯಲ್ ಕೋರ್ಟಿಗೂ ಬರಲಿವೆ. ಜಿಲ್ಲಾ ವಕೀಲರು ತಯಾರಾಗಲು ಇದೇ ಸಮಯ.

ನಾನು ಸರ್ಕಾರಿ ವಕೀಲ. ಗುತ್ತಿಗೆದಾರರ ಪರ ವಕೀಲರ ಜೊತಿ ಒಂದೇ ಸಂಘದಾಗ ಇರಬಹುದಾ?

ಇರಬಹುದು, ಇರಬೇಕು ಕೂಡ. ಇಲಾಖೆಯ ಕಡೆಯ ಕಷ್ಟ ಗೊತ್ತಿಲ್ಲದೆ ನಡೆಯುವ ಚರ್ಚೆ ಒಂದು ಕಣ್ಣಿನದಾಗುತ್ತದೆ. ಬಾರ್ ಕೌನ್ಸಿಲ್ ನಿಯಮ 33 ನೆನಪಿರಲಿ: ಒಂದು ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಮುಂದೆ ಅದೇ ವಿಷಯದಲ್ಲಿ ಎದುರಿನವರ ಪರ ನಿಲ್ಲುವಂತಿಲ್ಲ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಕೊಟ್ಟ ಸಲಹೆಯನ್ನೂ ಸಲಹೆಯೆಂದೇ ಎಣಿಸಿ ನಡೆದುಕೊಳ್ಳಿ.

ನಾನು ಗುತ್ತಿಗೆದಾರ. ಸಂಘದ ಮೆಂಬರ್ ಅಂತ ನೋಡಿ ವಕಾಲತ್ತು ಕೊಡ್ಲಾ?

ಅದೊಂದನ್ನೇ ನೋಡಿ ಬೇಡ. ನಿಮ್ಮ ಕರಾರು, ಕೊನೆಯ ಆರ್.ಎ. (ಚಾಲ್ತಿ) ಬಿಲ್, ವಿಸ್ತರಣೆ ಪತ್ರಗಳನ್ನು ಮುಂದಿಟ್ಟು ಮೂರು ಮಾತು ಕೇಳಿ. ಈ ಕರಾರಿನಲ್ಲಿ ವಿವಾದ ಯಾರ ಮುಂದೆ ಹೋಗುತ್ತದೆ? ನನ್ನ ಕ್ಲೇಮಿನ ಕಾಲಮಿತಿ ಯಾವ ದಿನ ಮುಗಿಯುತ್ತದೆ? ಮಾಡಿದ ಕೆಲಸದ ಹಣಕ್ಕೆ ಸಾಮಾನ್ಯವಾಗಿ 3 ವರ್ಷ, ಇಲಾಖೆಗೆ ಬರೀ ಪತ್ರ ಬರೆಯುತ್ತಾ ಕೂತರೆ ಅದು ನಿಲ್ಲುವುದಿಲ್ಲ. ಮೂರನೆಯದು, ನನ್ನ ಕಡತದಲ್ಲಿ ಯಾವ ಕಾಗದ ಇಲ್ಲ? ಮೂರನೆಯ ಪ್ರಶ್ನೆಗೆ ಪಟ್ಟಿ ಬರೆದುಕೊಡುವ ವಕೀಲರಿಗೆ ವಕಾಲತ್ತು ಕೊಡಿ, ಅವರು ಸಂಘದಲ್ಲಿರಲಿ, ಇಲ್ಲದಿರಲಿ.

ನಮ್ಮ ಮೂರು ಜಿಲ್ಲೆಗೆ ನಾವೇ ಒಂದು ಶುರು ಮಾಡೋದು ಹ್ಯಾಂಗ?

ನೋಂದಣಿಯಿಂದ ಶುರು ಮಾಡಬೇಡಿ, ಓದುವ ಬಳಗದಿಂದ ಶುರು ಮಾಡಿ. ಎಂಟು ಹತ್ತು ವಕೀಲರು, ನಿವೃತ್ತ ಕಾರ್ಯಪಾಲಕ ಎಂಜಿನಿಯರ್ ಒಬ್ಬರು, ಒಬ್ಬ ವ್ಯಾಲ್ಯುಯರ್, ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಸಾಕು. ಗಂಗಾವತಿ ಮೂರೂ ಜಿಲ್ಲೆಯವರಿಗೆ ನಡುವೆ ಬೀಳುತ್ತದೆ. ತಿಂಗಳಿಗೊಂದು ಶನಿವಾರ, ಎರಡು ಗಂಟೆ, ಒಂದೇ ವಿಷಯ. ಮೊದಲ ಸಲ ಕೆಡಬ್ಲ್ಯು–4ರ ವಿವಾದ ಷರತ್ತು, ಎರಡನೇ ಸಲ ಎಂ.ಬಿ. ಓದುವುದು, ಮೂರನೇ ಸಲ ಕಾಲಾವಧಿ ವಿಸ್ತರಣೆ, ನಾಲ್ಕನೇ ಸಲ ಸೈಟಿನ ಮೊಬೈಲ್ ಫೋಟೊಗಳನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಬೇಕಾದ ಸಾಕ್ಷ್ಯ ಅಧಿನಿಯಮ ಕಲಂ 63ರ ಸರ್ಟಿಫಿಕೇಟ್. ಈ ಸರ್ಟಿಫಿಕೇಟಿಗೆ ಈಗ ಎರಡು ಭಾಗ: ಎ ಭಾಗ ಕಕ್ಷಿದಾರರದು, ಬಿ ಭಾಗ ತಜ್ಞರದು, ಫೈಲಿನ ಡಿಜಿಟಲ್ ಗುರುತಾದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಒಮ್ಮೆ ಕುಳಿತು ಎಲ್ಲರೂ ತುಂಬಿ ನೋಡಿದರೆ ಕೈಗೆ ಹತ್ತುತ್ತದೆ.

ಬಳಗ ಒಂದು ವರ್ಷ ನಿಂತರೆ ಆಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಕನಿಷ್ಠ 7 ಜನ, ಉದ್ದೇಶ ಪತ್ರ, ನಿಯಮಾವಳಿ ಬೇಕು; ಅರ್ಜಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಆಡಿಟ್, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ ತಪ್ಪಬಾರದು. ಹೊಸ ಸಂಘಗಳು ಮಲಗುವುದು ಬಹುತೇಕ ಈ ಸಲ್ಲಿಕೆಗಳನ್ನು ಮರೆತು.

ಹೈಕೋರ್ಟ್ ಪೀಠಗಳ ಹಂಚಿಕೆಯನ್ನೂ ಮೊದಲೇ ಗಮನಿಸಿ. ಬಳ್ಳಾರಿ, ಕೊಪ್ಪಳ ಧಾರವಾಡ ಪೀಠಕ್ಕೆ ಸೇರಿವೆ, ರಾಯಚೂರು ಕಲಬುರಗಿ ಪೀಠಕ್ಕೆ. ಎರಡೂ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಕಲಂ 11ರ ಅರ್ಜಿ, ಮೇಲ್ಮನವಿ ಎರಡು ದಿಕ್ಕಿಗೆ ಹೋಗುವುದರಿಂದ ಎರಡೂ ಕಡೆಯ ಒಬ್ಬೊಬ್ಬ ವಕೀಲರನ್ನಾದರೂ ಬಳಗಕ್ಕೆ ಸೇರಿಸಿಕೊಳ್ಳಿ. ಅವಾರ್ಡ್ ಕೈಗೆ ಬಂದ ದಿನದಿಂದ ಕಲಂ 34ಕ್ಕೆ 3 ತಿಂಗಳು, ತಕ್ಕ ಕಾರಣ ತೋರಿಸಿದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಇಲ್ಲ. ಆ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕೆಂದು ಹುಡುಕುವಂತಿರಬಾರದು.